ಬೆನ್ನು ನೋವು: ಯಾರ ಹೊರೆ, ಯಾರ ಹೊಡೆತ?

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಇವತ್ತು ಬೆನ್ನು ನೋವು, ಕತ್ತು ನೋವಿನ ಬಗ್ಗೆ ಮಾತಾಡುತ್ತೇನೆ ಅಂದಾಗ ನಿಮ್ಮಲ್ಲಿ ಕೆಲವರು ನಕ್ಕಿರಿ. "ಅದೇನು ಕಾಯಿಲೆಯಾ? ಎಲ್ಲರಿಗೂ ಇರೋದೇ ಅಲ್ವಾ?" ಅಂತ ಒಬ್ಬರು ಕೇಳಿದರು. ಇನ್ನೊಬ್ಬರು, "ವರದಕ್ಷಿಣೆ, ಹೊಡೆತ ಬಡಿತದ ವಿಷಯ ಮಾತಾಡೋರು ಡಾಕ್ಟರ ಕೆಲಸ ಯಾಕೆ ಹಿಡಿದಿರಿ?" ಅಂದರು. ಎರಡೂ ಕೇಳಬೇಕಾದ ಪ್ರಶ್ನೆಗಳೇ. ಎರಡಕ್ಕೂ ಉತ್ತರ ಒಂದೇ ಕಡೆ ಇದೆ ಅನ್ನುವುದು ನನ್ನ ಅಭಿಪ್ರಾಯ.

"ಎಲ್ಲರಿಗೂ ಇರೋದೇ" ಎಂಬ ಮಾತಿನಿಂದಲೇ ಶುರು ಮಾಡೋಣ. ಆ ಮಾತು ಸುಳ್ಳಲ್ಲ. ಜಗತ್ತಿನ ರೋಗಗಳ ಲೆಕ್ಕ ಇಡುವ ವಿಜ್ಞಾನಿಗಳ ಪ್ರಕಾರ 2020ರಲ್ಲಿ ಸೊಂಟದ ಭಾಗದ ಬೆನ್ನು ನೋವು ಇದ್ದವರು ಸುಮಾರು 61 ಕೋಟಿ 90 ಲಕ್ಷ ಜನ. ಮಕ್ಕಳು ಮರಿ ಎಲ್ಲರನ್ನೂ ಸೇರಿಸಿ ಎಣಿಸಿದರೂ ಹೆಚ್ಚುಕಡಿಮೆ ಹದಿಮೂರು ಜನರಲ್ಲಿ ಒಬ್ಬರು. ಕತ್ತು ನೋವು ಇದ್ದವರು 20 ಕೋಟಿಗೂ ಹೆಚ್ಚು. 2050ರ ಹೊತ್ತಿಗೆ ಸೊಂಟ ನೋವಿನವರ ಸಂಖ್ಯೆ 84 ಕೋಟಿ ದಾಟಬಹುದು ಎಂದು ಅದೇ ಲೆಕ್ಕ ಹೇಳುತ್ತದೆ. ಜೀವ ತೆಗೆಯದೆ, ಆದರೆ ಕೆಲಸ ಮಾಡಲಾಗದಂತೆ ಮನುಷ್ಯರನ್ನು ಕೂರಿಸಿಬಿಡುವ ತೊಂದರೆಗಳ ಸಾಲಿನಲ್ಲಿ ಜಗತ್ತಿಗೇ ಮೊದಲನೆಯದು ಈ ಸೊಂಟ ನೋವು. ಒಂದು ಸಲವೂ ಸೊಂಟ ಹಿಡಿಯದೆ ಮುದುಕರಾದವರು ಬಲು ಅಪರೂಪ.

ಆದರೆ ಆ ಲೆಕ್ಕದಲ್ಲಿ ಇನ್ನೊಂದು ಸಂಗತಿ ಇದೆ. ಸೊಂಟ ನೋವಿರಲಿ, ಕತ್ತು ನೋವಿರಲಿ, ಎರಡೂ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. "ಎಲ್ಲರಿಗೂ" ಅನ್ನುವ ಮಾತಿನೊಳಗೆ ಈ ಹೆಚ್ಚು ಕಡಿಮೆ ಮುಚ್ಚಿಹೋಗುತ್ತದೆ. ನಾವು ಕೇಳಬೇಕಾದದ್ದು ಇಷ್ಟೇ: ನಮಗೆ ಯಾಕೆ ಹೆಚ್ಚು?

ಮೊದಲು ನಮ್ಮ ಹೊರೆಯನ್ನು ನೋಡೋಣ. ಭಾರತ ಸರ್ಕಾರ 2024ರಲ್ಲಿ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆ ಎಂದು ಸಮೀಕ್ಷೆ ಮಾಡಿತು. ಅಡಿಗೆ, ಪಾತ್ರೆ, ಬಟ್ಟೆ, ಕಸ, ನೀರು ಎಂದು ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಅಂದರೆ ಐದು ಗಂಟೆಗೆ ಹತ್ತಿರ. ಅದೇ ಕೆಲಸಕ್ಕೆ ಕೈಹಾಕುವ ಗಂಡಸರು ಕೊಡುವುದು 88 ನಿಮಿಷ. ಇದರಲ್ಲಿ ಕೂಲಿ ಸೇರಿಲ್ಲ. ಕೆಸರು ಗದ್ದೆಯಲ್ಲಿ ಬೆಳಗಿನಿಂದ ಬಗ್ಗಿ ನಾಟಿ ಹಾಕುವವರು ನಾವು, ಕಳೆ ಕೀಳುವವರು ನಾವು. ಕರಾವಳಿಯಲ್ಲಿ ಮೊರವನ್ನು ತೊಡೆಯ ಮೇಲಿಟ್ಟು, ಕತ್ತು ಬಗ್ಗಿಸಿ ದಿನವಿಡೀ ಬೀಡಿ ಕಟ್ಟುವವರು ನಾವು. ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಬೆನ್ನಿಗೆ ಆನಿಕೆಯಿಲ್ಲದ ಸ್ಟೂಲಿನ ಮೇಲೆ ಕೂತು ಹೊಲಿಯುವವರು, ಮನೆಯಲ್ಲಿ ಊದುಬತ್ತಿ ಹೊಸೆಯುವವರು, ತಲೆಯ ಮೇಲೆ ಕೊಡ, ಸೌದೆ, ಮೇವಿನ ಹೊರೆ ಹೊರುವವರು ನಾವೇ. ಹೊತ್ತು ಹೆತ್ತದ್ದೂ ಇದೇ ಸೊಂಟ. ಬಾಣಂತನ ಮುಗಿಯುವ ಮೊದಲೇ ಭಾರ ಎತ್ತಿದ ಎಷ್ಟೋ ತಾಯಂದಿರಿಗೆ ಗರ್ಭಕೋಶ ಜಾರಿ, ಸೊಂಟ ಸದಾ ಜಗ್ಗಿದಂತೆ ಇರುತ್ತದೆ. ನಾಚಿಕೆಗೆ ಯಾರಿಗೂ ಹೇಳುವುದಿಲ್ಲ.

ಇನ್ನೊಂದು ಸಮಾಧಾನದ ಮಾತನ್ನೂ ಹೇಳಿಬಿಡುತ್ತೇನೆ. ಸೊಂಟ ನೋವು ಇರುವ ನೂರು ಜನರಲ್ಲಿ ಸುಮಾರು ತೊಂಬತ್ತು ಜನರಿಗೆ ಮೂಳೆ ಮುರಿದಿರುವುದಿಲ್ಲ, ಗಡ್ಡೆ ಇರುವುದಿಲ್ಲ, ಸೋಂಕು ಇರುವುದಿಲ್ಲ. ಹೊಸದಾಗಿ ಬಂದ ನೋವು ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ತಗ್ಗುತ್ತದೆ. ಹಾಸಿಗೆ ಹಿಡಿದು ಮಲಗುವುದು ಮದ್ದಲ್ಲ. ಮೆಲ್ಲಗೆ ಓಡಾಡುತ್ತಾ ಇರುವುದೇ ಒಳ್ಳೆಯದು. 2023ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಹುಕಾಲದ ಸೊಂಟ ನೋವಿಗೆ ಏನು ಮಾಡಬೇಕು, ಏನು ಮಾಡಬಾರದು ಎಂದು ಸಲಹೆ ಹೊರಡಿಸಿತು. ತಿಳುವಳಿಕೆ, ವ್ಯಾಯಾಮ, ಮನಸ್ಸಿಗೆ ಆಸರೆ ಇವೆಲ್ಲ ಬೇಕು ಎಂದಿತು. ಸೊಂಟಕ್ಕೆ ಪಟ್ಟಿ ಬಿಗಿಯುವುದು, ತೂಕ ಕಟ್ಟಿ ಎಳೆಯುವುದು ಇವನ್ನು ಮಾಮೂಲಿಯಾಗಿ ಮಾಡಬೇಡಿ ಎಂದಿತು. ಸಂತೆಯ ದಿನ ಒಂದು ಸೂಜಿ ಹಾಕಿಸಿಕೊಂಡು, ಅಂಗಡಿಯಿಂದ ನೋವಿನ ಮಾತ್ರೆ ತಂದು, ಖಾಲಿ ಹೊಟ್ಟೆಯಲ್ಲಿ ನುಂಗಿ ಕೆಲಸಕ್ಕೆ ಹೋಗುತ್ತೀರಲ್ಲ, ಅದು ಹೊಟ್ಟೆ ಹುಣ್ಣಿಗೂ ಕಿಡ್ನಿ ಕೆಡುವುದಕ್ಕೂ ದಾರಿ.

ನಮ್ಮ ನೋವಿನ ಸುತ್ತ ಬೆಳೆದಿರುವ ತಪ್ಪು ನಂಬಿಕೆಗಳೂ ನಮಗೆ ಕೇಡು ಮಾಡಿವೆ. ಹೆರಿಗೆ ಹೊತ್ತಿನಲ್ಲಿ ಬೆನ್ನಿಗೆ ಕೊಟ್ಟ ಇಂಜೆಕ್ಷನ್ನಿನಿಂದಲೇ ಜೀವಮಾನದ ನೋವು ಬಂತು ಅನ್ನುತ್ತೇವೆ. ಆ ಇಂಜೆಕ್ಷನ್ ತೆಗೆದುಕೊಂಡವರನ್ನೂ ತೆಗೆದುಕೊಳ್ಳದವರನ್ನೂ ಹೋಲಿಸಿ ನೋಡಿದಾಗ, ಬಹುಕಾಲದ ಬೆನ್ನು ನೋವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ದೊಡ್ಡ ಸ್ಕ್ಯಾನಿನಲ್ಲಿ "ಡಿಸ್ಕ್ ಸವೆದಿದೆ" ಎಂದು ಬರೆದರೆ ಎದೆ ಒಡೆದುಕೊಳ್ಳುತ್ತೇವೆ. ಐವತ್ತು ವರ್ಷದ, ಒಂದಿಷ್ಟೂ ನೋವಿಲ್ಲದ ನೂರು ಜನರನ್ನು ಸ್ಕ್ಯಾನ್ ಮಾಡಿದರೂ ಸುಮಾರು ಎಂಬತ್ತು ಜನರಲ್ಲಿ ಆ ಸವೆತ ಕಾಣುತ್ತದೆ. ಕೂದಲು ನೆರೆತ ಹಾಗೆ ಅದು.

ಎಲ್ಲಕ್ಕಿಂತ ದೊಡ್ಡ ಅನ್ಯಾಯ ಗರ್ಭಕೋಶದ ವಿಷಯದಲ್ಲಿ ನಡೆದಿದೆ. ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ, ದಲಿತ ಕೇರಿಗಳಲ್ಲಿ ಏನಾಯಿತೆಂದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಹೊಟ್ಟೆ ನೋವು, ಬೆನ್ನು ನೋವು, ಬಿಳಿಸೆರಗು ಎಂದು ಖಾಸಗಿ ಆಸ್ಪತ್ರೆಗಳಿಗೆ ಹೋದ ನೂರಾರು ಹೆಣ್ಣುಮಕ್ಕಳಿಗೆ, ಇನ್ನೂ ಮೂವತ್ತು ನಲವತ್ತು ತುಂಬದವರಿಗೂ, "ಗರ್ಭಕೋಶ ತೆಗೆಸದಿದ್ದರೆ ಕ್ಯಾನ್ಸರ್ ಆಗುತ್ತದೆ" ಎಂದು ಹೆದರಿಸಿ ಆಪರೇಷನ್ ಮಾಡಿದರು. ಆ ಹೆಣ್ಣುಮಕ್ಕಳೂ ಆರೋಗ್ಯ ಚಳುವಳಿಯ ಗೆಳತಿಯರೂ ಬೀದಿಗಿಳಿದ ಮೇಲೆ 2015ರ ಸುಮಾರಿಗೆ ಸರ್ಕಾರ ತನಿಖೆ ಮಾಡಿಸಬೇಕಾಯಿತು. ಗರ್ಭಕೋಶದ ಜೊತೆಗೆ ಅಂಡಾಶಯವನ್ನೂ ಎಳೆಯ ವಯಸ್ಸಿನಲ್ಲೇ ತೆಗೆದರೆ ಮೂಳೆ ಬೇಗ ಸವೆಯುತ್ತದೆ. ಬೆನ್ನು ನೋವೆಂದು ಹೋದವಳು ಸಾಲದ ಹೊರೆಯ ಜೊತೆಗೆ ಮೂಳೆಯ ಬಲವನ್ನೂ ಕಳೆದುಕೊಂಡು ಬಂದಳು. ಯಾಕೆ ಹೀಗಾಯಿತು? ಅವಳ ದುಡಿಮೆ ಏನು, ಊಟ ಏನು, ಮನೆಯ ಸ್ಥಿತಿ ಏನು ಎಂದು ಯಾರೂ ಕೇಳಲಿಲ್ಲ. ಹೆಣ್ಣಿನ ನೋವು ಎಂದರೆ ಗರ್ಭಕೋಶದ ದೋಷ ಎಂದು ಮೊದಲೇ ತೀರ್ಮಾನಿಸಿಬಿಟ್ಟಿದ್ದರು.

ಈಗ ಎರಡನೆಯ ಪ್ರಶ್ನೆಗೆ ಬರುತ್ತೇನೆ. ದೌರ್ಜನ್ಯಕ್ಕೂ ಬೆನ್ನು ನೋವಿಗೂ ಏನು ಸಂಬಂಧ?

ಒಂದು ನೋವು ಎಲ್ಲರಿಗೂ ಇದ್ದಾಗ, ಅದರ ಮರೆಯಲ್ಲಿ ಇನ್ನೊಂದು ನೋವು ಸುಲಭವಾಗಿ ಅಡಗುತ್ತದೆ. ಬೆನ್ನು ಸೀರೆಯ ಸೆರಗಿನಡಿ, ರವಿಕೆಯಡಿ ಇರುವ ಜಾಗ. ಅಲ್ಲಿ ಬಿದ್ದ ಗುದ್ದು ಮುಖದ ಮೇಲಿನ ಏಟಿನಂತೆ ನೆರೆಯವರ ಕಣ್ಣಿಗೆ ಬೀಳುವುದಿಲ್ಲ. ಮಾರನೆಯ ದಿನ ಅವಳು ಸೊಂಟ ಹಿಡಿದುಕೊಂಡು ನಲ್ಲಿಯ ಹತ್ತಿರ ಬಂದರೆ, "ಏನಮ್ಮಾ?" ಅಂದರೆ, "ಏನಿಲ್ಲಕ್ಕಾ, ಬಚ್ಚಲಲ್ಲಿ ಜಾರಿದೆ" ಅನ್ನುತ್ತಾಳೆ. ನಾವೂ "ಬಾಮ್ ಹಚ್ಚಿಕೋ" ಎಂದು ಕೊಡ ಎತ್ತಿಕೊಂಡು ಹೋಗುತ್ತೇವೆ. ಮಾತು ಅಲ್ಲಿಗೇ ಮುಗಿಯುತ್ತದೆ.

2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ಕರ್ನಾಟಕದ 18ರಿಂದ 49 ವರ್ಷದ, ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದರು. ಅದರ ಹಿಂದಿನ ಸಮೀಕ್ಷೆಯಲ್ಲಿ ಈ ಸಂಖ್ಯೆ ನೂರಕ್ಕೆ 21ರಷ್ಟಿತ್ತು. ಇಡೀ ದೇಶದಲ್ಲಿ ಹಿಂಸೆ ಅನುಭವಿಸಿದವರಲ್ಲಿ ನೂರಕ್ಕೆ 77 ಮಂದಿ ಯಾರ ಸಹಾಯವನ್ನೂ ಕೇಳಿರಲಿಲ್ಲ, ಯಾರಿಗೂ ಹೇಳಿಯೂ ಇರಲಿಲ್ಲ. ಆ ಹೇಳದೇ ಉಳಿದ ಮಾತು ಎಲ್ಲಿಗೆ ಹೋಗುತ್ತದೆ? ಬಹಳಷ್ಟು ಸಲ ಅದು ತಲೆನೋವು, ಹೊಟ್ಟೆ ನೋವು, ಬೆನ್ನು ನೋವು ಎಂಬ ಹೆಸರಿನಲ್ಲಿ ಆರೋಗ್ಯ ಕೇಂದ್ರದ ಸಾಲಿನಲ್ಲಿ ನಿಲ್ಲುತ್ತದೆ. ಗಂಡನ ಹಿಂಸೆಗೆ ಸಿಕ್ಕಿದ ಹೆಂಗಸರಲ್ಲಿ ಬಹುಕಾಲದ ನೋವು ಹೆಚ್ಚು ಎಂಬುದನ್ನು ಅನೇಕ ದೇಶಗಳ ಅಧ್ಯಯನಗಳು ತೋರಿಸಿವೆ. ಏಟಿನ ಗಾಯ ಒಂದು ಕಾರಣ. ಸದಾ ಭಯದಲ್ಲಿ ಬದುಕುವುದು ಇನ್ನೊಂದು. ಬಾಗಿಲು ಸದ್ದಾದರೆ ಹೆಗಲು ಕಿವಿಗೆ ಏರುತ್ತದೆ, ಕತ್ತಿನ ಸ್ನಾಯು ಬಿಗಿಯುತ್ತದೆ, ನಿದ್ದೆ ಹತ್ತುವುದಿಲ್ಲ. ನಿದ್ದೆ ಕೆಟ್ಟ ಮೈ ನೋವನ್ನು ಹೆಚ್ಚಾಗಿ ಅನುಭವಿಸುತ್ತದೆ. ಇದು ನಾಟಕವಲ್ಲ, ಸೋಮಾರಿತನವೂ ಅಲ್ಲ.

ಕತ್ತಿನ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. "ಸಿಟ್ಟಲ್ಲಿ ಕತ್ತು ಹಿಡಿದ ಅಷ್ಟೇ, ಗಾಯ ಏನೂ ಆಗಿಲ್ಲ" ಎಂದು ಹೇಳುವವರಿದ್ದಾರೆ. ಕತ್ತು ಹಿಸುಕಿದಾಗ ಎಷ್ಟೋ ಸಲ ಹೊರಗೆ ಗುರುತೇ ಕಾಣುವುದಿಲ್ಲ. ಒಳಗೆ ಮೆದುಳಿಗೆ ರಕ್ತ ಒಯ್ಯುವ ನಾಳಕ್ಕೆ ಪೆಟ್ಟಾಗಿರಬಹುದು. ಅದು ಆಮೇಲೆ ದಿನಗಳು ಕಳೆದು ಪಾರ್ಶ್ವವಾಯುವಾಗಿ ಬಡಿಯಬಹುದು. ದನಿ ಒಡೆದರೆ, ನುಂಗಲು ಕಷ್ಟವಾದರೆ, ಉಸಿರು ಸಿಕ್ಕಿದಂತಾದರೆ, ಕಣ್ಣು ಮಂಜಾದರೆ, ಕೈಕಾಲು ಬಲ ತಪ್ಪಿದರೆ, ಅಥವಾ ಹಿಸುಕಿದಾಗ ಪ್ರಜ್ಞೆ ತಪ್ಪಿದ್ದರೆ ಅದೇ ಗಳಿಗೆ ದೊಡ್ಡಾಸ್ಪತ್ರೆಗೆ ಹೋಗಬೇಕು. 2008ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದ ಪ್ರಕಾರ, ಗಂಡ ಅಥವಾ ಸಂಗಾತಿ ಒಮ್ಮೆ ಕತ್ತು ಹಿಸುಕಿದ್ದರೆ, ಮುಂದೆ ಅವನ ಕೈಯಲ್ಲೇ ಆ ಹೆಂಗಸು ಕೊಲೆಯಾಗುವ ಅಪಾಯ ಆರು ಪಟ್ಟಿಗೂ ಹೆಚ್ಚು. ಅದಕ್ಕೇ ಹೇಳುತ್ತೇನೆ, ಕತ್ತಿಗೆ ಕೈ ಹೋಯಿತು ಅಂದರೆ ಅದು "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ" ಎಂದು ಬಿಟ್ಟುಬಿಡುವ ವಿಷಯವಲ್ಲ. ಅದು ಸಾವಿನ ಮುನ್ಸೂಚನೆ.

"ಬೆನ್ನ ಮೇಲೆ ಹೊಡೆದರೂ ಹೊಟ್ಟೆಯ ಮೇಲೆ ಹೊಡೆಯಬಾರದು" ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಅನ್ನ ಕಸಿಯುವುದು ಏಟಿಗಿಂತ ದೊಡ್ಡ ಪಾಪ ಅನ್ನುವ ಅರ್ಥದಲ್ಲಿ ಹೇಳಿದ ಮಾತು ಅದು. ಆದರೆ ಹೆಣ್ಣಿನ ಪಾಲಿಗೆ ಅದರಲ್ಲಿ ಮೊದಲರ್ಧಕ್ಕೆ ಅಪ್ಪಣೆ ಸಿಕ್ಕಿದಂತಾಗಿದೆ, ಎರಡನೆಯ ಅರ್ಧವನ್ನು ಯಾರೂ ಪಾಲಿಸುತ್ತಿಲ್ಲ. ಬೆನ್ನಿಗೆ ಹೊಡೆದವರೇ ಹೊಟ್ಟೆಗೂ ಹೊಡೆಯುತ್ತಾರೆ. ಹೇಗೆ ಅಂದರೆ, ನೋವಾಗಿ ಅವಳು ಕೂಲಿಗೆ ಹೋಗಲಾರಳು. ಆಗ "ಕೂತು ತಿನ್ನೋಳು" ಎಂಬ ಮಾತು ಶುರುವಾಗುತ್ತದೆ. ಔಷಧಿಗೆ ದುಡ್ಡು ಕೇಳಿದರೆ, "ರೋಗಿಷ್ಠೆಯನ್ನು ನಮ್ಮ ಕೊರಳಿಗೆ ಕಟ್ಟಿದಿರಿ, ಆಸ್ಪತ್ರೆ ಖರ್ಚು ನಿನ್ನಪ್ಪನ ಹತ್ತಿರ ತಗೊಂಡು ಬಾ" ಎಂದು ತವರಿಗೆ ಅಟ್ಟುತ್ತಾರೆ. ಮದುವೆಯಲ್ಲಿ ಸಾಲದೆ ಹೋದ ವರದಕ್ಷಿಣೆ ಹೀಗೆ ಚಿಕಿತ್ಸೆಯ ಹೆಸರಿನಲ್ಲಿ ಮತ್ತೆ ವಸೂಲಿಯಾಗುತ್ತದೆ. ತವರಿನವರು ಮರ್ಯಾದೆಗೆ ಅಂಜಿ ಓಲೆಯನ್ನೋ ಹಸುವನ್ನೋ ಮಾರಿ ಕಳಿಸುತ್ತಾರೆ. ಅಲ್ಲೂ ದಾರಿ ಇಲ್ಲದವಳು ಎಲ್ಲಿಗೆ ಬರುತ್ತಾಳೆ? ನಮ್ಮ ಸಂಘಕ್ಕೆ ಬರುತ್ತಾಳೆ.

ನಾನು ಹೋದ ಕಡೆಯಲ್ಲೆಲ್ಲ ಸಂಘದ ಸಾಲದ ಪುಸ್ತಕ ತೆಗೆದು ನೋಡುವ ರೂಢಿ ಇಟ್ಟುಕೊಂಡಿದ್ದೇನೆ. ಉದ್ದೇಶದ ಕಾಲಂನಲ್ಲಿ "ವೈದ್ಯಕೀಯ ಖರ್ಚು" ಎಂಬ ಎರಡು ಪದ ಎಷ್ಟು ಸಲ ಬರುತ್ತದೆ ಎಂದು ನೀವೂ ಒಮ್ಮೆ ಎಣಿಸಿ ನೋಡಿ. ಒಂದೇ ಹೆಸರಿನ ಮುಂದೆ ವರ್ಷಕ್ಕೆ ಮೂರು ಸಲ ಬಂದರೆ ಕಂತು ಕಟ್ಟಿಸಿಕೊಂಡು ಸುಮ್ಮನಾಗಬೇಡಿ. ಆ ಗೆಳತಿಯನ್ನು ಒಬ್ಬಳನ್ನೇ ಕೂರಿಸಿಕೊಂಡು ಮಾತಾಡಿಸಿ.

ಹೇಗೆ ಮಾತಾಡಿಸಬೇಕು? ಎಲ್ಲರ ಮುಂದೆ ಅಲ್ಲ. ಅತ್ತೆ, ಗಂಡ, ನಾದಿನಿ ಇರುವಾಗ ಖಂಡಿತ ಅಲ್ಲ. "ನೋವು ಎಲ್ಲಿ?" ಎಂಬ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ. ನಾವು ಎರಡನೆಯ ಪ್ರಶ್ನೆ ಕೇಳಬೇಕು: "ಹೇಗೆ ಬಂತು?" ಅದಕ್ಕೆ ಅವಳು ಕಣ್ಣು ತಪ್ಪಿಸಿದರೆ, ನಿಧಾನವಾಗಿ, "ಮನೇಲಿ ನಿಂಗೆ ಭಯ ಇದೆಯಾ? ಯಾರಾದ್ರೂ ಹೊಡೀತಾರಾ? ಕತ್ತು ಹಿಡಿದಿದ್ದಾರಾ?" ಎಂದು ಕೇಳಬೇಕು. ಹೇಳದಿದ್ದರೆ ಬಲವಂತ ಬೇಡ. "ಯಾವಾಗ ಬೇಕಾದ್ರೂ ಬಾ" ಎಂದರೆ ಸಾಕು, ಬಾಗಿಲು ತೆರೆದೇ ಇರಲಿ. ಹೇಳಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಯಬಾರದು, ಬಾವಿಕಟ್ಟೆಯಲ್ಲಿ ಆಡಬಾರದು. ಹಾಗೆಯೇ ಸೊಂಟ ಹಿಡಿದವಳೆಲ್ಲ ಏಟು ತಿಂದವಳು ಎಂದು ತಿಳಿಯುವುದೂ ತಪ್ಪು. ಹೆಚ್ಚಿನವರದು ದುಡಿಮೆಯ ನೋವೇ. ಕೇಳದೆ ಮಾತ್ರ ಗೊತ್ತಾಗುವುದಿಲ್ಲ.

ಕಾನೂನು ನಮ್ಮ ಕೈಯಲ್ಲಿ ಏನು ಕೊಟ್ಟಿದೆ ಎಂಬುದು ತಿಳಿದಿರಲಿ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರಿಗೆ ರಕ್ಷಣೆ ನೀಡುವ 2005ರ ಕಾಯ್ದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಏಟು ಮಾತ್ರವಲ್ಲ, ಬೈಗುಳ, ಲೈಂಗಿಕ ಹಿಂಸೆ, ಬದುಕಿಗೆ ಬೇಕಾದ ಹಣ ತಡೆಹಿಡಿಯುವುದು, ವರದಕ್ಷಿಣೆಗಾಗಿ ಪೀಡಿಸುವುದು ಎಲ್ಲವೂ ಅದರ ಪ್ರಕಾರ ಹಿಂಸೆಯೇ. ಚಿಕಿತ್ಸೆಯ ಖರ್ಚನ್ನು ಹಿಂಸೆ ಮಾಡಿದವನಿಂದ ಕೊಡಿಸಿ ಎಂದು ಮ್ಯಾಜಿಸ್ಟ್ರೇಟರ ಮುಂದೆ ಕೇಳಬಹುದು. ಮನೆ ಅವಳ ಹೆಸರಿನಲ್ಲಿ ಇಲ್ಲದಿದ್ದರೂ, ಸಂಸಾರ ಮಾಡಿದ ಮನೆಯಲ್ಲಿ ವಾಸ ಮಾಡುವ ಹಕ್ಕು ಅವಳಿಗಿದೆ. ಗಂಡ ಮತ್ತು ಅವನ ಕಡೆಯವರ ಕ್ರೌರ್ಯಕ್ಕೆ 1983ರಿಂದ ಇದ್ದ 498ಎ ಕಲಮು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 85 ಮತ್ತು 86ನೇ ಕಲಮುಗಳಾಗಿ ಮುಂದುವರಿದಿದೆ. ತವರಿನಿಂದ ಹಣ ತಾ ಎಂದು ಅಕ್ರಮವಾಗಿ ಪೀಡಿಸುವುದೂ ಆ ಕ್ರೌರ್ಯದಲ್ಲಿ ಸೇರುತ್ತದೆ.

ಯಾರ ಹತ್ತಿರ ಹೋಗಬೇಕು? ನಮ್ಮ ರಾಜ್ಯದಲ್ಲಿ ಈ ಕಾಯ್ದೆಯ ಸಂರಕ್ಷಣಾಧಿಕಾರಿ ಬೇರೆ ಯಾರೋ ಅಲ್ಲ, ನಿಮ್ಮ ಅಂಗನವಾಡಿಗಳನ್ನು ನೋಡಿಕೊಳ್ಳುವ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ನಾವು ಸಿ.ಡಿ.ಪಿ.ಓ. ಅನ್ನುವವರು. ಮಹಿಳಾ ಸಹಾಯವಾಣಿ 181. ತುರ್ತಿಗೆ 112. ವಕೀಲರ ಫೀಸಿನ ಭಯ ಬೇಡ, ಆದಾಯ ಎಷ್ಟೇ ಇದ್ದರೂ ಹೆಂಗಸರಿಗೆ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಅದಕ್ಕೆ 15100. ಈ ನಂಬರುಗಳನ್ನು ಪಾಸ್‌ಬುಕ್ಕಿನ ಹಿಂದೆ ಬರೆದಿಟ್ಟುಕೊಳ್ಳಿ.

ಆಸ್ಪತ್ರೆಯಲ್ಲಿ "ಬಿದ್ದೆ" ಎನ್ನಬೇಡಿ. "ಗಂಡ ಹೊಡೆದ, ಇಂಥ ದಿನ, ಇಂಥದರಿಂದ" ಎಂದು ಹೇಳಿ ಚೀಟಿಯಲ್ಲಿ ಬರೆಸಿ. ಕೇಸು ಹಾಕುವುದೋ ಬಿಡುವುದೋ ಆಮೇಲೆ ಯೋಚಿಸಬಹುದು, ಆದರೆ ಇವತ್ತಿನ ಗಾಯದ ಬರಹ ನಾಳೆ ಹುಟ್ಟುವುದಿಲ್ಲ. ಮೊದಲು ದೂರು ಕೊಟ್ಟು ಬಾ, ಆಮೇಲೆ ನೋಡುತ್ತೇವೆ ಎಂದು ಚಿಕಿತ್ಸೆ ನಿರಾಕರಿಸುವಂತಿಲ್ಲ ಎಂದು ಆ ಕಾಯ್ದೆಯ ನಿಯಮದಲ್ಲೇ ಇದೆ. ಮನೆಯಲ್ಲಿ ಇಡಲು ಭಯವಾದರೆ ಆ ಚೀಟಿಗಳನ್ನು ನಂಬಿಕೆಯ ಗೆಳತಿಯ ಹತ್ತಿರ ಇಡಿ.

ಇನ್ನು ನೋವು ಯಾವುದೇ ಕಾರಣಕ್ಕೆ ಬಂದಿರಲಿ, ತಡಮಾಡಬಾರದ ಗುರುತುಗಳಿವೆ. ಕಾಲು ಬಲ ಕಳೆದುಕೊಂಡರೆ, ಕೂರುವ ಜಾಗ ಜೋಮು ಹಿಡಿದರೆ, ಮೂತ್ರ ಅಥವಾ ಮಲದ ಹತೋಟಿ ತಪ್ಪಿದರೆ ಆ ಹೊತ್ತೇ ಆಸ್ಪತ್ರೆಗೆ ಹೋಗಿ. ಜ್ವರ, ತೂಕ ಇಳಿಯುವುದು, ರಾತ್ರಿ ಮಲಗಲು ಬಿಡದ ನೋವು ಇದ್ದರೆ ಬೆನ್ನುಮೂಳೆಯ ಕ್ಷಯವೂ ಇರಬಹುದು, ಪರೀಕ್ಷೆ ಮಾಡಿಸಿ. ಕ್ಷಯದ ಔಷಧಿ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ವಯಸ್ಸಾದ ತಾಯಂದಿರು ಬಿದ್ದು ಅಥವಾ ಏಟು ತಿಂದು ನೋವಾದರೆ ಮೂಳೆ ಮುರಿದಿದೆಯೇ ನೋಡಿಸಿ. ಗರ್ಭಕೋಶ ತೆಗೆಸಿ ಎಂದರೆ ಇನ್ನೊಬ್ಬ ವೈದ್ಯರನ್ನು ಕೇಳದೆ ಒಪ್ಪಬೇಡಿ.

ಉಳಿದದ್ದು ನಮ್ಮ ನಿತ್ಯದ ಬದುಕು. ಅರ್ಧ ಗಂಟೆಗೊಮ್ಮೆ ಎದ್ದು ಕತ್ತು, ಹೆಗಲು ಆಡಿಸಿ. ನೆಲದಿಂದ ಎತ್ತುವಾಗ ಮಂಡಿ ಬಗ್ಗಿಸಿ, ಭಾರವನ್ನು ಮೈಗೆ ಹತ್ತಿರ ಹಿಡಿಯಿರಿ. ದಿನಾ ಒಂದಿಷ್ಟು ನಡೆಯಿರಿ. ಆದರೆ ಐದು ಗಂಟೆಯ ಮನೆಗೆಲಸವನ್ನು ಒಬ್ಬಳೇ ಹೊರುವವಳಿಗೆ ವ್ಯಾಯಾಮ ಹೇಳಿಕೊಡುವುದು ಗಾಯಕ್ಕೆ ಉಪದೇಶ ಮಾಡಿದಂತೆ. ಕೊಡವನ್ನು ಗಂಡನೂ ಹೊರಲಿ, ಮಗನೂ ಪಾತ್ರೆ ತೊಳೆಯಲಿ. ಮಗಳ ಬೆನ್ನನ್ನು ಮಾತ್ರ ಕೆಲಸಕ್ಕೆ ಬಗ್ಗಿಸಿ ಬೆಳೆಸಬೇಡಿ. ಊರಿಗೆ ನಲ್ಲಿ ಬೇಕೆಂದು, ಕೆಲಸದ ಜಾಗದಲ್ಲಿ ಬೆನ್ನು ಆನಿಸುವ ಕುರ್ಚಿ ಬೇಕೆಂದು ಕೇಳುವುದೂ ಬೆನ್ನು ನೋವಿನ ಚಿಕಿತ್ಸೆಯೇ.

ಬೆನ್ನು ನೋವು ಎಲ್ಲರಿಗೂ ಇರೋದೇ ಎಂಬುದು ಸುಮ್ಮನಿರುವುದಕ್ಕೆ ಕಾರಣವಾಗಬಾರದು. ಎಲ್ಲರಿಗೂ ಇರುವುದರಿಂದಲೇ ಎಲ್ಲರೂ ಸೇರಿ ಮಾತಾಡಬಹುದು, ಆ ಮಾತಿನ ನಡುವೆ ಹೇಳಲಾರದವಳಿಗೂ ಹೇಳಲು ಒಂದು ಜಾಗ ಸಿಗುತ್ತದೆ. ಉಳಿತಾಯದ ಹಣ ಎಣಿಸುವ ಮೊದಲು ಒಂದು ಹತ್ತು ನಿಮಿಷ ಮೈಯ ಸಮಾಚಾರಕ್ಕೆ ಇಡಿ. ಪೆಟ್ಟು ತಿಂದ ಗೆಳತಿ ಸಿಕ್ಕಿದರೆ ಬಾಮ್ ಕೊಟ್ಟು ಕಳಿಸಬೇಡಿ, ಅವಳ ಬೆನ್ನಿಗೆ ನಿಲ್ಲಿ. ಮುಂದಿನ ವಾರದ ಸಭೆಯಿಂದಲೇ ಶುರು ಮಾಡಿ.